ಒಂದೇ ಕಾರಿಗೆ ನಾಲ್ಕು ಎಚ್‌ಪಿ: ನಿಜ ತಿಳಿಯಲು ಯಾರಿಗೆ ಯಾವ ದಾರಿ

ಕಬ್ಬಿನ ಹಂಗಾಮು ಮುಗಿದು ಕಾರ್ಖಾನೆಯಿಂದ ಬಿಲ್ ಬಂದ ಮೇಲೆ, ಗೋಕಾಕದ ನನ್ನ ಅಕ್ಕನ ಮಗ ಕಾರು ಕೊಳ್ಳಲು ಬೆಳಗಾವಿಗೆ ಬಂದ. ಹಳೆಯ ಗಾಡಿಗಳನ್ನು ಮಾರುವ ಒಂದು ಅಂಗಳದಲ್ಲಿ 2014ರ ಡೀಸೆಲ್ ಡಿಜೈರ್ ನೋಡಿಟ್ಟಿದ್ದ. ಮಾರುವವರು ಬಾನೆಟ್ ಎತ್ತಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎಂಜಿನ್ನಿನ ಮೈ ಒರೆಸಿ, ಅಲ್ಲಿ ಕೊರೆದ ನಂಬರಿನ ಮೊದಲ ಅಕ್ಷರಗಳ ಮೇಲೆ ಬೆರಳಿಟ್ಟರು: ಡಿ13ಎ. "ಎರ್ಟಿಗಾದಲ್ಲಿರುವುದೂ ಇದೇ ಎಂಜಿನ್ ನೋಡಿರಿ. ತೊಂಬತ್ತು ಎಚ್‌ಪಿ." ಅಕ್ಕನ ಮಗ ಆರ್‌ಸಿ ಕಾರ್ಡನ್ನು ತಿರುಗಿಸಿದ. ಹಿಂಬದಿಯಲ್ಲಿ ಹಾರ್ಸ್ ಪವರ್ ಎಂಬ ಸಾಲಿನ ಮುಂದೆ 55.2 ಎಂದಿತ್ತು. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 74, ಇನ್ನೊಂದು ಕಡೆ 75.

"ಮಾಮಾ, ಒಂದೇ ಗಾಡಿಗೆ ನಾಲ್ಕು ಲೆಕ್ಕ. ಯಾವುದನ್ನು ನಂಬಲಿ?"

ನಾಲ್ಕರಲ್ಲಿ ಮೂರು ನಿಜ, ಒಂದು ತಪ್ಪು. ತಪ್ಪಾದದ್ದು ತೊಂಬತ್ತು. ಉಳಿದ ಮೂರೂ ಒಂದೇ ಶಕ್ತಿಯನ್ನು ಮೂರು ಬೇರೆ ಅಳತೆಯಲ್ಲಿ ಹೇಳುವ ಅಂಕಿಗಳು.

ಕಾರಿನ ಎಚ್‌ಪಿ ತಿಳಿಯಲು ಐದಾರು ದಾರಿಗಳಿವೆ. ಅವೆಲ್ಲ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂದುಕೊಂಡಾಗಲೇ ಗೊಂದಲ ಹುಟ್ಟುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಎಂಜಿನ್ನಿಗೆ ಇದ್ದ ಶಕ್ತಿ ಎಷ್ಟು, ಇಂದು ಉಳಿದಿರುವುದು ಎಷ್ಟು, ಅದರಲ್ಲಿ ಗಾಲಿಯವರೆಗೆ ಮುಟ್ಟುವುದು ಎಷ್ಟು ಎಂಬವು ಮೂರು ಬೇರೆ ಪ್ರಶ್ನೆಗಳು. ಕಾಗದಪತ್ರಗಳು ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳಬಲ್ಲವು. ಎರಡನೆಯದಕ್ಕೆ ರಸ್ತೆಗೆ ಇಳಿಯಬೇಕು. ಮೂರನೆಯದಕ್ಕೆ ಗಾಲಿಯ ಶಕ್ತಿಯನ್ನು ಅಳೆಯುವ ಡೈನೋ ಯಂತ್ರ ಬೇಕು. ನಿಮ್ಮ ಪ್ರಶ್ನೆ ಯಾವುದೆಂದು ತಿಳಿದರೆ ದಾರಿಯ ಆಯ್ಕೆ ಅರ್ಧ ಮುಗಿದಂತೆ.

ಮೊದಲು ಅಳತೆಯ ಜಗಳ ಬಗೆಹರಿಯಲಿ

ನಮ್ಮ ಕಡೆಯ ರೈತರಿಗೆ ಎಚ್‌ಪಿ ಹೊಸ ಮಾತಲ್ಲ. ಅದು ಕಾರಿಗಿಂತ ಮೊದಲು ಪಂಪ್‌ಸೆಟ್ಟಿನ ಜೊತೆ, ಟ್ರ್ಯಾಕ್ಟರಿನ ಜೊತೆ ಮನೆಗೆ ಬಂದ ಮಾತು. ಹೊಲದ ಮೋಟಾರಿನ ಮೈಮೇಲೆ ಬಡಿದಿರುವ ತಗಡನ್ನು ಒಮ್ಮೆ ನೋಡಿ. 5 ಎಚ್‌ಪಿ ಮೋಟಾರಾದರೆ ಪಕ್ಕದಲ್ಲೇ 3.7 ಕಿಲೋವ್ಯಾಟ್ ಎಂದಿರುತ್ತದೆ. 10 ಎಚ್‌ಪಿ ಆದರೆ 7.5 ಕಿಲೋವ್ಯಾಟ್. 3.7 ಎಂದು ಓದಿ "ಅಯ್ಯೋ, ಐದರ ಮೋಟಾರು ಎಂದು ಹೇಳಿ ಮೂರೂ ಮುಕ್ಕಾಲಿನದು ಕೊಟ್ಟರು" ಎಂದು ಯಾರೂ ಅಂಗಡಿಯವನ ಜೊತೆ ಜಗಳವಾಡುವುದಿಲ್ಲ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಇದೇ ಲೆಕ್ಕ ಮರೆತುಹೋಗುತ್ತದೆ.

ಜೇಮ್ಸ್ ವ್ಯಾಟ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತನ್ನ ಉಗಿಯಂತ್ರಗಳನ್ನು ಗಿರಣಿಯ ಕುದುರೆಗಳ ಜೊತೆ ಹೋಲಿಸಿ ತೋರಿಸಲು ಈ ಅಳತೆಯನ್ನು ಕಟ್ಟಿದ. ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತಿದರೆ ಒಂದು ಕುದುರೆಯ ಶಕ್ತಿ. ಕಿಲೋ ಮತ್ತು ಮೀಟರಿಗೆ ತಂದರೆ ಸೆಕೆಂಡಿಗೆ 76 ಕಿಲೋ ತೂಕವನ್ನು ಒಂದು ಮೀಟರ್ ಎತ್ತಿದಂತೆ. ಜರ್ಮನಿಯವರು ತಮ್ಮ ಲೆಕ್ಕದಲ್ಲಿ ಇದನ್ನು 75 ಕಿಲೋ ಎಂದು ಹಿಡಿದರು. 75 ಕಿಲೋ ತೂಗುವ ಜೋಳದ ಚೀಲವನ್ನು ಒಂದು ಸೆಕೆಂಡಿನಲ್ಲಿ ನೆಲದಿಂದ ಒಂದು ಮೀಟರ್ ಮೇಲಕ್ಕೆ ತಂದರೆ ಅದು ಒಂದು ಪಿಎಸ್. ನಾವು ಎಚ್‌ಪಿ ಎನ್ನುವ ಬಿಎಚ್‌ಪಿ ವ್ಯಾಟ್‌ನದು, ಪಿಎಸ್ ಜರ್ಮನರದು. ನಡುವಿನ ಅಂತರ ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ಒಂದು ಕಿಲೋವ್ಯಾಟ್ ಎಂದರೆ 1.341 ಬಿಎಚ್‌ಪಿ, ಇಲ್ಲವೇ 1.36 ಪಿಎಸ್. ಈ ಎರಡು ಅಂಕಿ ನೆನಪಿದ್ದರೆ ಸಾಕು.

ಈಗ ಡಿಜೈರಿನ ಆರ್‌ಸಿಯಲ್ಲಿದ್ದ 55.2ನ್ನು ಗುಣಿಸಿ ನೋಡಿ. 1.341ರಿಂದ ಗುಣಿಸಿದರೆ 74. 1.36ರಿಂದ ಗುಣಿಸಿದರೆ 75. ಮೂರು ಅಂಕಿಗಳ ಗುಟ್ಟು ಇಷ್ಟೇ.

ಬಿಎಚ್‌ಪಿಯ ಮೊದಲ ಅಕ್ಷರ ಹೇಳುವ 'ಬ್ರೇಕ್' ಕಾರಿನ ಕಾಲಬ್ರೇಕ್ ಅಲ್ಲ. ಪರೀಕ್ಷೆಯ ಕೋಣೆಯಲ್ಲಿ ಎಂಜಿನ್ನಿನ ತಿರುಗುವ ಚಕ್ರಕ್ಕೆ ತಡೆ ಒಡ್ಡಿ, ಆ ತಡೆಯನ್ನು ತೂಗಿ ಶಕ್ತಿ ಅಳೆಯುತ್ತಿದ್ದರು. ಬೆಳಗಾವಿಯ ವಿಟಿಯು ಅಡಿಯಲ್ಲಿ ಮೆಕ್ಯಾನಿಕಲ್ ಓದಿದವರು ಕಾಲೇಜಿನ ಪ್ರಯೋಗಾಲಯದಲ್ಲಿ ಡ್ರಮ್ಮಿಗೆ ಹಗ್ಗ ಸುತ್ತಿ, ತೂಕ ನೇತುಹಾಕಿ ಇದನ್ನೇ ಮಾಡಿರುತ್ತಾರೆ. ಹಾಗಾಗಿ ಬಿಎಚ್‌ಪಿ ಎಂದರೆ ಎಂಜಿನ್ನಿನ ಬಾಯಲ್ಲಿ ಸಿಗುವ ಶಕ್ತಿ. ಗೇರ್‌ಬಾಕ್ಸ್ ದಾಟಿ ಗಾಲಿಗೆ ಬಂದದ್ದಲ್ಲ.

ಕಾಗದಗಳಲ್ಲಿ ಯಾವುದು ಹೆಚ್ಚು ನಂಬಿಕಸ್ಥ

ಹಳೆಯ ಕಾರು ಕೊಳ್ಳುವವರು ಮೊದಲು ಮುಟ್ಟಬೇಕಾದದ್ದು ಆರ್‌ಸಿಯನ್ನೇ. ಖರ್ಚಿಲ್ಲ, ಕೈಯಲ್ಲೇ ಇರುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ನಮೂನೆಯ ಕಾರ್ಡು ಗೊತ್ತುಪಡಿಸಿತು. ಆ ನಮೂನೆಯ ಹಿಂಬದಿಯಲ್ಲಿ ಸಿಲಿಂಡರುಗಳ ಸಂಖ್ಯೆ, ಸಿಸಿ, ಖಾಲಿ ಗಾಡಿಯ ತೂಕದ ಜೊತೆ ಹಾರ್ಸ್ ಪವರ್ ಕೂಡ ಇದೆ. ಆದರೆ ಆ ಸಾಲಿನ ತಲೆಬರಹ ಬಿಎಚ್‌ಪಿ ಮತ್ತು ಕಿಲೋವ್ಯಾಟ್ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಮುಂದಿರುವ ಅಂಕಿ ಎರಡರಲ್ಲಿ ಯಾವುದೆಂದು ಹೇಳುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಸಾಮಾನ್ಯ ಜನ ನಂಬಿ ಓದುವ ಕಾಗದದಲ್ಲಿ ಒಂದು ಅಂಕಿಗೆ ಒಂದೇ ಅಳತೆ ಇರಬೇಕಿತ್ತು. 55.2ನ್ನು ಬಿಎಚ್‌ಪಿ ಎಂದು ಓದಿಕೊಂಡು, ಒಳ್ಳೆಯ ಗಾಡಿಯನ್ನು ಬಲವಿಲ್ಲದ್ದು ಎಂದು ಬಿಟ್ಟುಬರುವವರು ಇರಬಹುದು. ಹಾಗಾಗಿ ಆರ್‌ಸಿಯ ಅಂಕಿ ಕಂಪನಿಯ ಅಂಕಿಗಿಂತ ಕಾಲು ಭಾಗದಷ್ಟು ಕಡಿಮೆ ಕಂಡರೆ ಮೊದಲು 1.36ರಿಂದ ಗುಣಿಸಿ ನೋಡಿ, ಆಮೇಲೆ ಅನುಮಾನ ಪಡಿ.

ಹಳೆಯ ಕಾರ್ಡುಗಳಲ್ಲಿ ಈ ಸಾಲು ಸಿಗದಿದ್ದರೆ ಗಾಬರಿ ಬೇಡ. ಹೊಸ ಗಾಡಿಯ ಜೊತೆ ಶೋರೂಮಿನವರು ಕೊಡುವ ಮಾರಾಟ ಪತ್ರ, ಅಂದರೆ ಫಾರಂ 21ರಲ್ಲೂ ಒಂದು ಸಾಲು ಇರುತ್ತದೆ. ಆದರೆ ಅಲ್ಲಿ ಕೇಳುವುದು ಹಾರ್ಸ್ ಪವರ್ ಅಥವಾ ಸಿಸಿ. ಸಿಸಿ ಒಂದನ್ನೇ ಬರೆದರೂ ಸಾಲು ತುಂಬಿದಂತಾಯಿತು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಭರವಸೆಯ ಕಾಗದವೆಂದರೆ ಅದೇ ವರ್ಷದ, ಅದೇ ಮಾದರಿಯ ಕಂಪನಿ ಕೈಪಿಡಿ ಅಥವಾ ಕರಪತ್ರ. ಅಲ್ಲಿ ಎಚ್‌ಪಿಯ ಪಕ್ಕದಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಇರುತ್ತದೆ, ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಇರುತ್ತದೆ. 'ಅದೇ ವರ್ಷ' ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮ ಹಳ್ಳಿಗಳ ಬೊಲೆರೊವನ್ನೇ ತೆಗೆದುಕೊಳ್ಳಿ. ಹಳೆಯ 2523 ಸಿಸಿ ಎಂಜಿನ್ನಿನದು 63 ಪಿಎಸ್. 2016ರಲ್ಲಿ ಬಂದ ಬೊಲೆರೊ ಪವರ್ ಪ್ಲಸ್‌ನ 1493 ಸಿಸಿ ಎಂಜಿನ್ನಿಗೆ 70 ಪಿಎಸ್. ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಅದೇ 1493 ಸಿಸಿಗೆ ಸುಮಾರು 75 ಪಿಎಸ್. ಬಾಗಿಲ ಮೇಲಿನ ಹೆಸರು ಒಂದೇ, ಹೊರಗಿನ ಆಕಾರವೂ ಹೆಚ್ಚುಕಡಿಮೆ ಒಂದೇ. ಸಿಸಿ ದೊಡ್ಡದಿದ್ದರೆ ಎಚ್‌ಪಿಯೂ ದೊಡ್ಡದು ಎಂದು ನಂಬಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ.

ಇನ್ನು ಎಂಜಿನ್ ನಂಬರು. ಅದು ಎಂಜಿನ್ನಿನ ಮನೆತನವನ್ನು ಹೇಳುತ್ತದೆಯೇ ಹೊರತು ಎಚ್‌ಪಿಯನ್ನಲ್ಲ. ಡಿ13ಎ ಎಂಬುದು 1248 ಸಿಸಿಯ ಡೀಸೆಲ್ ಎಂಜಿನ್. ಸ್ವಿಫ್ಟ್ ಮತ್ತು ಡಿಜೈರಿನಲ್ಲಿ ಇದಕ್ಕೆ ಸಾದಾ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ ಇತ್ತು: 75 ಪಿಎಸ್ ಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್. ಎರ್ಟಿಗಾದಲ್ಲಿ ಒಳಗಿನ ರೆಕ್ಕೆಗಳ ಕೋನ ಬದಲಾಗಿ ಗಾಳಿಯ ಹರಿವನ್ನು ಹೊಂದಿಸಿಕೊಳ್ಳುವ ಟರ್ಬೊ ಇತ್ತು: 90 ಪಿಎಸ್, 200 ನ್ಯೂಟನ್ ಮೀಟರ್. ಆ ಮಾರುವವರು ತೋರಿಸಿದ ಅಕ್ಷರಗಳು ಸರಿಯಾಗಿಯೇ ಇದ್ದವು. ಅವುಗಳಿಂದ ತೆಗೆದ ತೀರ್ಮಾನ ತಪ್ಪಾಗಿತ್ತು. ಹದಿನೇಳು ಅಕ್ಷರಗಳ ಚಾಸಿಸ್ ನಂಬರಿನಿಂದಲೂ ನೇರವಾಗಿ ಎಚ್‌ಪಿ ಸಿಗುವುದಿಲ್ಲ. ಅದನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು ನಿಖರವಾದ ಮಾದರಿ ಯಾವುದೆಂದು ಕೇಳಬಹುದು, ಅಷ್ಟೇ.

ಸಿಎನ್‌ಜಿ ಗಾಡಿಯಾದರೆ ಪೆಟ್ರೋಲಿನ ಅಂಕಿಯನ್ನು ಓದಿ ಸಮಾಧಾನಪಡಬೇಡಿ. ಒಂದು ಲೀಟರಿನ ವ್ಯಾಗನ್‌ಆರ್ ಪೆಟ್ರೋಲಿನಲ್ಲಿ 49 ಕಿಲೋವ್ಯಾಟ್ ಕೊಟ್ಟರೆ ಸಿಎನ್‌ಜಿಯಲ್ಲಿ 41.7 ಕೊಡುತ್ತದೆ. ಪಿಎಸ್ ಲೆಕ್ಕದಲ್ಲಿ ಹತ್ತು ಕುದುರೆಗಳೇ ಕಡಿಮೆ.

ಒಂದು ಗುಣಾಕಾರ, ಒಂದು ಭಾಗಾಕಾರ

ಕೈಪಿಡಿಯಲ್ಲಿ ಟಾರ್ಕ್ ಸಿಕ್ಕರೆ ಶಕ್ತಿಯನ್ನು ನೀವೇ ಲೆಕ್ಕ ಹಾಕಬಹುದು. ಟಾರ್ಕನ್ನು ನ್ಯೂಟನ್ ಮೀಟರಿನಲ್ಲಿ ತೆಗೆದುಕೊಂಡು, ಆ ಟಾರ್ಕ್ ಸಿಗುವ ಆರ್‌ಪಿಎಂನಿಂದ ಗುಣಿಸಿ, 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಇದು ಅಂದಾಜಲ್ಲ, ಭೌತಶಾಸ್ತ್ರದ ಖಚಿತ ಸಂಬಂಧ.

ಇಲ್ಲಿ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ. ಡಿಜೈರಿನ 190 ನ್ಯೂಟನ್ ಮೀಟರನ್ನು ಎಚ್‌ಪಿಯ ಪಕ್ಕದಲ್ಲಿರುವ 4000 ಆರ್‌ಪಿಎಂನಿಂದ ಗುಣಿಸಿಬಿಡುತ್ತಾರೆ. ಆಗ 79.6 ಕಿಲೋವ್ಯಾಟ್, ಅಂದರೆ 108 ಪಿಎಸ್ ಬರುತ್ತದೆ. ಆ ಗಾಡಿಯಲ್ಲಿ ಎಂದೂ ಇರದ ಶಕ್ತಿ ಅದು. 190 ಸಿಗುವುದು 2000 ಆರ್‌ಪಿಎಂನಲ್ಲಿ. ಅಲ್ಲಿ ಲೆಕ್ಕ ಹಾಕಿದರೆ 39.8 ಕಿಲೋವ್ಯಾಟ್, ಅಂದರೆ 54 ಪಿಎಸ್. 4000ಕ್ಕೆ ಏರುವಷ್ಟರಲ್ಲಿ ಟಾರ್ಕ್ 132ಕ್ಕೆ ಇಳಿದಿರುತ್ತದೆ. ವೇಗ ದುಪ್ಪಟ್ಟಾದ್ದರಿಂದ ಶಕ್ತಿ 55.2ಕ್ಕೆ ಏರಿರುತ್ತದೆ.

ಈ ಲೆಕ್ಕದ ನಿಜವಾದ ಉಪಯೋಗ ಎರಡು ಗಾಡಿಗಳನ್ನು ಹೋಲಿಸುವಾಗ ಕಾಣುತ್ತದೆ. ಕ್ರೆಟಾದ 1.5 ಲೀಟರ್ ಸಾದಾ ಪೆಟ್ರೋಲ್ ಎಂಜಿನ್ನಿಗೆ 115 ಪಿಎಸ್, ಡೀಸೆಲ್ಲಿಗೆ 116. ಕಾಗದದ ಮೇಲೆ ಸರಿಸಮ. ಆದರೆ ಪೆಟ್ರೋಲಿನ 115 ಸಿಗುವುದು 6300 ಆರ್‌ಪಿಎಂನಲ್ಲಿ, ಡೀಸೆಲ್ಲಿನ 116 ಸಿಗುವುದು 4000ದಲ್ಲಿ. ಬೆಳಗಾವಿಯಿಂದ ಗೋವಾಕ್ಕೆ ಹೋಗಿ ಚೋರ್ಲಾ ಘಾಟ್ ಹತ್ತಿ ಮರಳುವಾಗ, ಮನೆಮಂದಿ ಕುಳಿತ ಗಾಡಿಯಲ್ಲಿ 6300ರವರೆಗೆ ಎಂಜಿನ್ ಕಿರುಚಿಸುತ್ತಾ ಬರುವವರು ಯಾರು? ಹೆಚ್ಚಿನವರು 2000ದ ಆಸುಪಾಸಿನಲ್ಲಿ ಓಡಿಸುತ್ತಾರೆ. ಅಲ್ಲಿ ಡೀಸೆಲ್ ತನ್ನ 250 ನ್ಯೂಟನ್ ಮೀಟರಿನಿಂದ 71 ಪಿಎಸ್ ಕೊಡುತ್ತಿರುತ್ತದೆ. ಪೆಟ್ರೋಲ್ ತನ್ನ ಗರಿಷ್ಠ ಟಾರ್ಕಾದ 144ನ್ನು ಅಲ್ಲೇ ಕೊಟ್ಟಿತು ಎಂದು ಔದಾರ್ಯದಿಂದ ಹಿಡಿದರೂ 41 ದಾಟುವುದಿಲ್ಲ. ಮೆಕ್ಯಾನಿಕ್‌ಗಳು 'ಎಳೆತ' ಎನ್ನುವುದು, ಸಾಮಾನ್ಯರು 'ಪಿಕಪ್' ಎನ್ನುವುದು ಈ ಅಂತರವನ್ನೇ. ಹಾಗೆಂದು ಪೆಟ್ರೋಲ್ ಕೆಟ್ಟದ್ದಲ್ಲ. ಊರೊಳಗೆ ಓಡಾಡುವವರಿಗೆ, ವರ್ಷಕ್ಕೆ ಕಡಿಮೆ ಕಿಲೋಮೀಟರ್ ಓಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆರ್‌ಪಿಎಂ ಇಲ್ಲದ ಎಚ್‌ಪಿಯನ್ನು ಮಾತ್ರ ಅರ್ಧ ಮಾಹಿತಿ ಎಂದೇ ತಿಳಿಯಬೇಕು.

"45 ಎಚ್‌ಪಿ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಬ್ಬು ಎಳೆಯುತ್ತದೆ, 75 ಎಚ್‌ಪಿ ಕಾರು ಯಾಕೆ ಎಳೆಯುವುದಿಲ್ಲ?" ಎಂದು ಮುಧೋಳದ ಕಡೆ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. 2000 ಆರ್‌ಪಿಎಂನಲ್ಲಿ 45 ಎಚ್‌ಪಿ ಕೊಡುವ ಟ್ರ್ಯಾಕ್ಟರ್ ಎಂಜಿನ್ನಿನ ಟಾರ್ಕ್ ಆ ಹೊತ್ತಿಗೆ ಸುಮಾರು 160 ನ್ಯೂಟನ್ ಮೀಟರ್. ಡಿಜೈರಿನದು ಅದಕ್ಕಿಂತ ಹೆಚ್ಚೇ ಇದೆ. ವ್ಯತ್ಯಾಸವಿರುವುದು ಗೇರುಗಳಲ್ಲಿ, ಹಿಂಗಾಲಿಯ ಗಾತ್ರದಲ್ಲಿ, ಮೈತೂಕದಲ್ಲಿ. ಟ್ರ್ಯಾಕ್ಟರ್ ವೇಗವನ್ನು ಬಿಟ್ಟುಕೊಟ್ಟು ಎಳೆತವನ್ನು ಪಡೆಯುತ್ತದೆ. ಟ್ರ್ಯಾಕ್ಟರಿನ ಕರಪತ್ರದಲ್ಲಿ ಎಂಜಿನ್ ಎಚ್‌ಪಿ ಮತ್ತು ಪಿಟಿಒ (ಹಿಂದೆ ಜೋಡಿಸಿದ ಯಂತ್ರಗಳನ್ನು ತಿರುಗಿಸುವ ದಂಡ) ಎಚ್‌ಪಿ ಎಂದು ಎರಡು ಅಂಕಿಗಳಿರುತ್ತವೆ, ಪಿಟಿಒದ್ದು ಯಾವಾಗಲೂ ಕಡಿಮೆ. ಕಾರಿನಲ್ಲೂ ಎಂಜಿನ್ನಿನ ಶಕ್ತಿಗೂ ಗಾಲಿಯ ಶಕ್ತಿಗೂ ಅದೇ ಸಂಬಂಧ. ಇದನ್ನು ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಒಬಿಡಿ ಮತ್ತು ಮೊಬೈಲ್

ಗಾಡಿಯ ದೋಷ ಓದಲು ಸ್ಟೀರಿಂಗ್ ಕೆಳಗೆ ಇಟ್ಟಿರುವ ಹದಿನಾರು ಪಿನ್ನಿನ ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಮೊಬೈಲಿನಲ್ಲಿ ಎಚ್‌ಪಿಯ ಮುಳ್ಳು ಏರುವುದನ್ನು ನೋಡುವ ದಾರಿ ಹುಡುಗರಿಗೆ ಬಹಳ ಇಷ್ಟ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಾನೂ ಕೊಂಡಿದ್ದೇನೆ, ಆಗಾಗ ಬಳಸುತ್ತೇನೆ, ಆದರೆ ಎಚ್‌ಪಿ ನೋಡಲು ಅಲ್ಲ. ಆ ಆ್ಯಪ್ ಶಕ್ತಿಯನ್ನು ಅಳೆಯುವುದಿಲ್ಲ, ಊಹಿಸುತ್ತದೆ. ಎಂಜಿನ್ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಎಳೆದುಕೊಂಡಿತು ಎಂಬುದರಿಂದ ಇಂಧನವನ್ನೂ ಇಂಧನದಿಂದ ಶಕ್ತಿಯನ್ನೂ ಲೆಕ್ಕ ಹಾಕುವುದು ಒಂದು ಬಗೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ನಿಯಮ ಪೆಟ್ರೋಲ್ ಎಂಜಿನ್ನಿನಲ್ಲಿ ಸುಮಾರಾಗಿ ನಡೆಯುತ್ತದೆ. ಡೀಸೆಲ್ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಎಳೆಯುವುದರಿಂದ ಅಲ್ಲಿ ಈ ಲೆಕ್ಕ ಕೆಡುತ್ತದೆ. ಗಾಳಿಯನ್ನು ತೂಗುವ ಸೆನ್ಸರ್ ಎಲ್ಲ ಗಾಡಿಗಳಲ್ಲಿ ಇರುವುದೂ ಇಲ್ಲ. ಇನ್ನೊಂದು ಬಗೆಯಲ್ಲಿ ಗಾಡಿಯ ತೂಕವನ್ನು ನೀವೇ ತುಂಬಬೇಕು, ವೇಗ ಏರುವುದನ್ನು ನೋಡಿ ಆ್ಯಪ್ ಶಕ್ತಿ ಹೇಳುತ್ತದೆ. ತೂಕ ತಪ್ಪಿದರೆ ಉತ್ತರವೂ ತಪ್ಪು.

ಹಾಗಾದರೆ ಅಡಾಪ್ಟರಿನ ಉಪಯೋಗ ಏನು? ಎಂಜಿನ್ ದೋಷದ ಕೋಡುಗಳು, ಟರ್ಬೊ ಒತ್ತಡ, ಕೂಲಂಟಿನ ಬಿಸಿ. ಗಾಡಿ ಎಳೆಯುತ್ತಿಲ್ಲ ಎಂದಾಗ ಕಾರಣ ಹುಡುಕಲು ಇವು ಎಚ್‌ಪಿ ಮುಳ್ಳಿಗಿಂತ ಎಷ್ಟೋ ಹೆಚ್ಚು ನೆರವಾಗುತ್ತವೆ.

ರಸ್ತೆಯ ಪರೀಕ್ಷೆ

ಹಳೆಯ ಗಾಡಿಯವರಿಗೆ ನಾನು ಮನಸಾರೆ ಹೇಳುವ ದಾರಿ ಇದು. ಗಾಡಿ ಕೊಂಡ ಮೇಲೆ ಅಕ್ಕನ ಮಗನ ಜೊತೆ ಮಾಡಿದ್ದನ್ನೇ ಹೇಳುತ್ತೇನೆ.

ಬೇಕಾದದ್ದು ಮೂರು: ಗಾಡಿಯ ನಿಜವಾದ ತೂಕ, ಸಮತಟ್ಟಾದ ಖಾಲಿ ರಸ್ತೆ, ಪಕ್ಕದಲ್ಲಿ ಕುಳಿತು ಸಮಯ ನೋಡುವ ಇನ್ನೊಬ್ಬರು. ತೂಕಕ್ಕೆ ಕಬ್ಬಿನ ಗಾಡಿಗಳು ಹತ್ತುವ ತೂಕದ ಕಾಟಾ ಇದೆ. ನಾವಿಬ್ಬರೂ ಒಳಗೆ ಕುಳಿತೇ ಹತ್ತಿಸಿದೆವು; 1,240 ಕಿಲೋ ಬಂತು. ರಸ್ತೆಗೆ ಬೆಳಗಾವಿಯ ಏರಿಳಿತ ಒಗ್ಗುವುದಿಲ್ಲ. ನೂರು ಮೀಟರಿಗೆ ಒಂದೇ ಮೀಟರ್ ಏರಿದ್ದರೂ ಇಷ್ಟು ತೂಕದ ಗಾಡಿಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಕಿಲೋವ್ಯಾಟ್ ಅದಕ್ಕೇ ಹೋಗುತ್ತದೆ, ಅದು ಕಣ್ಣಿಗೆ ಕಾಣುವ ಏರೂ ಅಲ್ಲ. ಅವನ ಹೆಂಡತಿಯ ತವರು ಬಸವನ ಬಾಗೇವಾಡಿಯ ಹತ್ತಿರ. ಎರೆನೆಲದ ನಡುವೆ ಹಗ್ಗ ಎಳೆದಂತೆ ಹೋಗುವ ಅಲ್ಲಿನ ರಸ್ತೆಯೊಂದಕ್ಕೆ, ಬೆಳಕು ಹರಿದ ಕೂಡಲೇ, ದನಕರು ಜನ ಹೊರಬೀಳುವ ಮುನ್ನ ಹೋದೆವು.

ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಪೂರ್ತಿ ಆಕ್ಸಿಲರೇಟರ್ ಒತ್ತಿ ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡಬೇಕು. ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ ಮಾಡಿ ಸರಾಸರಿ ತೆಗೆದರೆ ಗಾಳಿಯೂ ಏರಿಳಿತವೂ ಬಹುಪಾಲು ಸರಿದೂಗುತ್ತವೆ. ಸ್ಪೀಡೋಮೀಟರ್ ಸ್ವಲ್ಪ ಹೆಚ್ಚು ತೋರಿಸುವುದು ಸಾಮಾನ್ಯ, ಅದಕ್ಕೇ ಮೊಬೈಲಿನ ಜಿಪಿಎಸ್ ವೇಗವನ್ನು ನೋಡುವುದು ಒಳ್ಳೆಯದು. ಮೊದಲ ದಿನ ನಮಗೆ ಬಂದ ಸರಾಸರಿ 8.6 ಸೆಕೆಂಡು.

ಲೆಕ್ಕ ಹೀಗೆ. 1,240 ಕಿಲೋ ತೂಕವನ್ನು 40ರಿಂದ 80ಕ್ಕೆ ತರಲು ಬೇಕಾದ ಚಲನಶಕ್ತಿ (ಎನರ್ಜಿ) ಸುಮಾರು 2,30,000 ಜೂಲ್. ಅದನ್ನು 8.6ರಿಂದ ಭಾಗಿಸಿದರೆ ಸುಮಾರು 27 ಕಿಲೋವ್ಯಾಟ್. ಗಾಳಿಯ ತಡೆ ಮತ್ತು ಟೈರಿನ ತಡೆಗೆ ಈ ಗಾತ್ರದ ಕಾರಿನಲ್ಲಿ ಇನ್ನೂ ನಾಲ್ಕು ಸೇರಿಸಿದರೆ ಗಾಲಿಯಲ್ಲಿ 31. ಮುಂಗಾಲಿ ಎಳೆಯುವ ಗಾಡಿಯ ಗೇರ್‌ಬಾಕ್ಸಿನಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಸೋರಿಹೋಗುತ್ತದೆ ಎಂದು ಹಿಡಿದರೆ ಎಂಜಿನ್ನಿನಲ್ಲಿ 35, 36 ಕಿಲೋವ್ಯಾಟ್. 55.2 ಎಲ್ಲಿ, 36 ಎಲ್ಲಿ ಎಂದು ಹುಡುಗ ಮುಖ ಸಪ್ಪಗೆ ಮಾಡಿಕೊಂಡ. ಆದರೆ ಇದು ಗರಿಷ್ಠ ಶಕ್ತಿಯಲ್ಲ, ಆ ಎಂಟೂವರೆ ಸೆಕೆಂಡುಗಳ ಸರಾಸರಿ. ಮೂರನೇ ಗೇರಿನಲ್ಲಿ ಆ ಗಾಡಿ 40ರ ವೇಗದಲ್ಲಿ 1500 ಆರ್‌ಪಿಎಂ ಹತ್ತಿರ, 80ರಲ್ಲಿ 3000ದ ಹತ್ತಿರ ಇರುತ್ತದೆ. ಗರಿಷ್ಠ ಸಿಗುವ 4000ವನ್ನು ಅದು ಮುಟ್ಟಲೇ ಇಲ್ಲ.

ಹಾಗಾದರೆ ಈ ಅಂಕಿಯಿಂದ ಪ್ರಯೋಜನವೇನು? ಹೋಲಿಕೆ. ಬೆಳಗಾವಿಗೆ ಮರಳಿದ ಮೇಲೆ ಪರಿಚಯದ ಮೆಕ್ಯಾನಿಕ್ ಗಾಡಿಯನ್ನು ಎತ್ತಿ ನೋಡಿದರು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಕೆಳಬದಿಯಲ್ಲಿ ಬೆರಳುಗುರಿನಷ್ಟು ಉದ್ದದ ಸೀಳು, ಅದರ ಸುತ್ತ ಎಣ್ಣೆ ಹಿಡಿದ ಕಪ್ಪು ಧೂಳು. ಏರ್ ಫಿಲ್ಟರಿನ ಮಡಿಕೆಗಳಲ್ಲಿ ಕಬ್ಬಿನ ರಸ್ತೆಯ ಮಣ್ಣು ಹುಡಿಯಾಗಿ ಕುಳಿತಿತ್ತು. ಎರಡನ್ನೂ ಬದಲಾಯಿಸಿದ ಮೇಲೆ ಅದೇ ರಸ್ತೆ, ಅದೇ ಹೊತ್ತು, ಅದೇ ಇಬ್ಬರು: 7.4 ಸೆಕೆಂಡು. ಲೆಕ್ಕ ಹಾಕಿದರೆ ಎಂಜಿನ್ನಿನ ಸರಾಸರಿ 40 ಕಿಲೋವ್ಯಾಟ್ ದಾಟಿತು. ಯಾವ ಕಾಗದವೂ ಹೇಳದಿದ್ದ ಸಂಗತಿಯನ್ನು ಆ 1.2 ಸೆಕೆಂಡು ಹೇಳಿತು.

ಒಂದು ಎಚ್ಚರಿಕೆ. ಈ ಪರೀಕ್ಷೆಗೆ ರಾಷ್ಟ್ರೀಯ ಹೆದ್ದಾರಿ ಬೇಡ, ಸಂಜೆಗತ್ತಲು ಬೇಡ, ಸುಗ್ಗಿಯಲ್ಲಂತೂ ಬೇಡವೇ ಬೇಡ. ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ಎದುರಾದರೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಕೊಳ್ಳುವ ಮುನ್ನ ಇಷ್ಟೆಲ್ಲ ಮಾಡಲು ಮಾರುವವರು ಒಪ್ಪುವುದಿಲ್ಲ. ಆಗ ವಂಟಮುರಿ ಘಾಟಿನ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಓಡಿಸಿ ನೋಡಿ. ಆರ್‌ಪಿಎಂ ಮುಳ್ಳು ಏರುತ್ತಿದ್ದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಏರದೆ ಹಿಂದೆ ಕಪ್ಪು ಹೊಗೆ ಬರುತ್ತಿದ್ದರೆ ಗಾಳಿಯ ದಾರಿಯಲ್ಲೋ ಇಂಜೆಕ್ಟರಿನಲ್ಲೋ ದೋಷವಿದೆ.

ಡೈನೋ ಯಾರಿಗೆ

ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಬಿಗಿದು ಕಟ್ಟಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿಸಿ ಗಾಲಿಯ ಶಕ್ತಿಯನ್ನು ಅಳೆಯುವ ಯಂತ್ರ ಇದು. ನಿಖರತೆಯಲ್ಲಿ ಉಳಿದ ದಾರಿಗಳಾವುವೂ ಇದರ ಹತ್ತಿರ ಬರುವುದಿಲ್ಲ. ಎಷ್ಟು ಆರ್‌ಪಿಎಂನಲ್ಲಿ ಎಷ್ಟು ಶಕ್ತಿ, ಎಷ್ಟು ಟಾರ್ಕ್ ಎಂಬ ಪೂರ್ತಿ ಗೆರೆಯೇ ಕಾಗದದ ಮೇಲೆ ಬರುತ್ತದೆ. ಆದರೆ ಇದಕ್ಕೆ ನಮ್ಮ ಕಡೆಯವರು ಪುಣೆಗೋ ಬೆಂಗಳೂರಿಗೋ ಹೋಗಬೇಕು. ಪುಣೆಯಾದರೆ ಬೆಳಗಾವಿಯಿಂದ 340 ಕಿಲೋಮೀಟರ್. ಶುಲ್ಕ, ಡೀಸೆಲ್, ಟೋಲ್, ಒಂದು ದಿನದ ದುಡಿಮೆ ಎಲ್ಲ ಸೇರಿದರೆ ಹಳೆಯ ಡಿಜೈರಿನವರಿಗೆ ಇದು ತಕ್ಕ ಖರ್ಚಲ್ಲ. ಅದೇ ಹಣದಲ್ಲಿ ಕ್ಲಚ್ ಪ್ಲೇಟ್, ಫಿಲ್ಟರುಗಳು ಮುಗಿದುಹೋಗುತ್ತವೆ.

ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದವರಿಗೆ, ಸ್ಪರ್ಧೆಗೆ ಗಾಡಿ ಸಿದ್ಧಪಡಿಸುವವರಿಗೆ ಡೈನೋ ಬೇಕೇ ಬೇಕು. ಸಾದಾ ರಸ್ತೆಯ ಗಾಡಿಯ ಶಕ್ತಿ ಹೆಚ್ಚಿಸಿಕೊಳ್ಳಲು ಹೊರಡುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮೊದಲು ಓದಿಕೊಳ್ಳಲಿ. ತಯಾರಕರು ಕೊಟ್ಟ ವಿವರಗಳನ್ನು ಬದಲಿಸುವುದಕ್ಕೆ ಅಲ್ಲಿ ತಡೆ ಇದೆ, ಅಪಘಾತವಾದಾಗ ವಿಮೆಯ ಪ್ರಶ್ನೆಯೂ ಏಳುತ್ತದೆ.

ಡೈನೋ ಅಂಕಿ ಕಂಪನಿಯ ಅಂಕಿಗಿಂತ ಕಡಿಮೆ ಬಂದರೆ ಗಾಬರಿ ಬೇಡ. ಗಾಲಿಯಲ್ಲಿ ಅಳೆದದ್ದು ಎಂಬುದು ಒಂದು ಕಾರಣ. ಗಾಳಿ ಇನ್ನೊಂದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ 300 ಮೀಟರ್ ಏರಿದಂತೆಲ್ಲ ನೂರಕ್ಕೆ ಸುಮಾರು ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಅಂದರೆ ಇಲ್ಲಿ ಏಳೆಂಟು ಕಡಿಮೆಯೇ. ವಿಜಯಪುರ ಸುಮಾರು 600 ಮೀಟರಿನಲ್ಲಿದೆ, ಆದರೆ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಗಾಳಿ ಇನ್ನಷ್ಟು ತೆಳುವಾಗುತ್ತದೆ. ಡೈನೋ ನಡೆಸುವವರು ಇದನ್ನು ಸರಿದೂಗಿಸಿ ಅಂಕಿ ಕೊಡುತ್ತಾರೆ, ಹಾಗಾಗಿ ತಿದ್ದಿದ ಅಂಕಿಯೋ ತಿದ್ದದ ಅಂಕಿಯೋ ಎಂದು ಕೇಳಿ ಬರೆಸಿಕೊಳ್ಳಬೇಕು. ಟರ್ಬೊ ಇರುವ ಎಂಜಿನ್ ಈ ಕೊರತೆಯನ್ನು ಬಹುಪಾಲು ತಾನೇ ತುಂಬಿಕೊಳ್ಳುತ್ತದೆ.

ನೀವು ಯಾರು ಎಂಬುದರ ಮೇಲೆ

ಹೊಸ ಕಾರು ಕೊಳ್ಳುವವರು ಕಂಪನಿಯ ಕರಪತ್ರದಲ್ಲಿ ಕಿಲೋವ್ಯಾಟ್, ಆರ್‌ಪಿಎಂ, ಟಾರ್ಕ್ ಮೂರನ್ನೂ ಬರೆದುಕೊಂಡು, 2000 ಆರ್‌ಪಿಎಂನಲ್ಲಿ ಯಾವುದು ಎಷ್ಟು ಕೊಡುತ್ತದೆ ಎಂದು ಲೆಕ್ಕ ಹಾಕಿದರೆ ಸಾಕು. ಬೇರೆ ಯಾವ ಪರೀಕ್ಷೆಯೂ ಬೇಡ. ವಿದ್ಯುತ್ ಕಾರಾದರೆ ಒಂದು ಮಾತು ಹೆಚ್ಚಿಗೆ ಕೇಳಿ: ಹೇಳುತ್ತಿರುವುದು ಕ್ಷಣಕಾಲ ಸಿಗುವ ಗರಿಷ್ಠ ಶಕ್ತಿಯೋ, ಸತತವಾಗಿ ಕೊಡಬಲ್ಲ ಶಕ್ತಿಯೋ. ಹಳೆಯ ಕಾರು ಕೊಳ್ಳುವವರಿಗೆ ಆರ್‌ಸಿಯ ಅಂಕಿ, ಅದೇ ವರ್ಷದ ಕೈಪಿಡಿಯ ಅಂಕಿ, ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂಬ ಗುಣಾಕಾರ, ಆಮೇಲೆ ಏರಿನ ಮೇಲೊಂದು ಓಟ. ಮನೆಯಲ್ಲಿರುವ ಗಾಡಿ ಮೊದಲಿನಂತೆ ಎಳೆಯುತ್ತಿಲ್ಲ ಎನ್ನುವವರಿಗೆ ತೂಕದ ಕಾಟಾ ಮತ್ತು ಸಮತಟ್ಟಾದ ರಸ್ತೆ.

ಆ ದಿನ ಅಂಗಳದಲ್ಲಿ ಮಾರುವವರ ಎದುರೇ ಕಾಗದದ ಮೇಲೆ 55.2ನ್ನು 1.36ರಿಂದ ಗುಣಿಸಿ ತೋರಿಸಿದೆವು. ಅವರು ಇನ್ನೊಮ್ಮೆ ತಾವೇ ಗುಣಿಸಿ ನೋಡಿ, ತೊಂಬತ್ತಿನ ಮಾತು ಬಿಟ್ಟರು. ಬೆಲೆಯಲ್ಲೂ ಸ್ವಲ್ಪ ಇಳಿದರು. ಅಕ್ಕನ ಮಗ ಗಾಡಿ ಕೊಂಡ. ಸರ್ವಿಸ್ ಪುಸ್ತಕದ ಒಳರಟ್ಟಿನ ಮೇಲೆ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದಾನೆ: "55.2 – 4000. 190 – 2000. ಮೂರನೇ ಗೇರು, 40–80, 7.4 ಸೆಕೆಂಡು." ಕೆಳಗೆ ಇನ್ನೂ ನಾಲ್ಕು ಸಾಲು ಖಾಲಿ ಬಿಟ್ಟಿದ್ದಾನೆ, ವರ್ಷಕ್ಕೊಂದರಂತೆ.